ಗಂಗಾ ಗುಣಮುಖಳಾದ ಮೇಲೂ ನಾಗವಲ್ಲಿ ಮರಳಿದ್ದು ಹೇಗೆ?

ಪ್ರಶ್ನೆ: ‘ಆಪ್ತಮಿತ್ರ’ ಚಿತ್ರದಲ್ಲಿ ಗಂಗಾ ತನ್ನನ್ನು ಹಿಂದೆ ರಾಜನೊಬ್ಬ ಕೊಂದ ನರ್ತಕಿ ನಾಗವಲ್ಲಿಯೆಂದು ಭಾವಿಸುತ್ತಾಳೆ; ಅದು ಅವಳ ಮನೋರೋಗವೆಂದು ಹೇಳಿ ವೈದ್ಯರು ಗುಣಪಡಿಸುತ್ತಾರೆ. ಹಾಗಿದ್ದರೆ ಬಂಗಲೆಯಲ್ಲಿ ಕಾಣುವ ಹಾವು ಯಾವುದು? ಅದರ ಮುಂದುವರಿದ ಭಾಗ ‘ಆಪ್ತರಕ್ಷಕ’ದಲ್ಲಿ ಆ ರಾಜನೇ ಬದುಕಿರುವುದು ಕಥೆಯ ತಪ್ಪಲ್ಲವೇ?
– ಚಿಂತಾಮಣಿಯ ಓದುಗರು

ಉತ್ತರ: ಉತ್ತರ ಸಿಗದ ಪ್ರಶ್ನೆಗಳೆಲ್ಲವೂ ತಪ್ಪುಗಳಲ್ಲ, ಚಿತ್ರವು ತಾನೇ ಹಾಕಿಕೊಂಡ ಕಟ್ಟಳೆಯನ್ನು ತಾನೇ ಮುರಿದಾಗ ಮಾತ್ರ ಅದನ್ನು ತಪ್ಪೆನ್ನಬೇಕಾಗುತ್ತದೆ.

ಮೊದಲು ರಾಜನ ವಿಷಯ. 2004ರ ‘ಆಪ್ತಮಿತ್ರ’ದ ಕೊನೆಯಲ್ಲಿ ವಿಷ್ಣುವರ್ಧನ್ ಅವರ ವೈದ್ಯ ಪಾತ್ರವು ಗಂಗಾಳ (ಸೌಂದರ್ಯ) ಎದುರು ಕಡೇ ಗಳಿಗೆಯಲ್ಲಿ ರಾಜನ ಸ್ಥಾನದಲ್ಲಿ ಬೊಂಬೆಯನ್ನು ತಂದಿರಿಸಿ, ರಾಜನ ಮೇಲಿನ ಸೇಡು ತೀರಿತೆಂದು ಅವಳನ್ನು ನಂಬಿಸುತ್ತದೆ. ಆ ಚಿಕಿತ್ಸೆಗೆ ಬೇಕಾಗಿದ್ದದ್ದು ರಾಜನ ಸಾವಲ್ಲ, ರಾಜ ಸತ್ತನೆಂಬ ಅವಳ ನಂಬಿಕೆ. ಆದ್ದರಿಂದ 2010ರ ‘ಆಪ್ತರಕ್ಷಕ’ದಲ್ಲಿ ರಾಜ ಶತಾಯುಷಿಯನ್ನೂ ಮೀರಿದ ಮುದುಕನಾಗಿ ಕಾಣಿಸಿಕೊಂಡರೂ ಗಂಗಾಳ ಗುಣಕ್ಕೆ ಧಕ್ಕೆಯಾಗುವುದಿಲ್ಲ. ಅಷ್ಟು ವರ್ಷ ಬದುಕಿದ್ದನ್ನು ನಂಬುವುದು ಕಷ್ಟ, ಆದರೆ ಅದು ಬೇರೆ ಮಾತು.

ನಿಜವಾದ ತೊಡಕಿರುವುದು ‘ಆಪ್ತರಕ್ಷಕ’ದಲ್ಲಿ ಬರುವ ನಾಗವಲ್ಲಿಯ ಚಿತ್ರಪಟದಲ್ಲಿ. ನಾಗವಲ್ಲಿ ಗಂಗಾಳ ಮನಸ್ಸಿನ ಸೃಷ್ಟಿಯಷ್ಟೇ ಆಗಿದ್ದರೆ, ಅವಳ ಚಿತ್ರಪಟ ಇನ್ನೊಂದು ಮನೆ ಸೇರಿದೊಡನೆ ಅಲ್ಲಿ ತೊಂದರೆ ಶುರುವಾಗಲು ಕಾರಣವಿಲ್ಲ. ಎರಡನೆಯ ಚಿತ್ರ ನಡೆಯಬೇಕಾದರೆ ಮೊದಲನೆಯದರ ವಿವರಣೆಯನ್ನು ಸಡಿಲಿಸಲೇಬೇಕಿತ್ತು, ಸಡಿಲಿಸಿದ್ದಾರೆ. ತಪ್ಪೆಂದು ನಾನು ಎಣಿಸುವುದು ಇದೊಂದನ್ನೇ.

ನಾಗವಲ್ಲಿ ತೆಲುಗು ಮಾತನಾಡುವುದನ್ನೂ ಕೆಲವರು ಪ್ರಶ್ನಿಸುತ್ತಾರೆ. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆಯವರು ಮಾತ್ರ ಕೇಳಲಾರರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರಿಗೆ ಒಬ್ಬಳ ಬಾಯಲ್ಲಿ ಎರಡು ಭಾಷೆ ಬರುವುದು ದೆವ್ವದ ಲಕ್ಷಣವಾಗಿ ಕಾಣುವುದಿಲ್ಲ.

ಇನ್ನು ಹಾವು. 1993ರ ಮಲಯಾಳಂ ಮೂಲದಲ್ಲಿ ಇಲ್ಲದ ಅದನ್ನು ನಿರ್ದೇಶಕ ಪಿ. ವಾಸು ಸೇರಿಸಿದರು. ವೈದ್ಯರು ವಿವರಿಸುವುದು ಗಂಗಾಳ ವರ್ತನೆಯನ್ನೇ ಹೊರತು ಬಂಗಲೆಯನ್ನಲ್ಲ; ಅದೇ ಚಿತ್ರದಲ್ಲಿ ಮಾಂತ್ರಿಕ ಆಚಾರ್ಯರೂ ವೈದ್ಯರ ಜೊತೆಗೂಡಿಯೇ ಕೆಲಸ ಮಾಡುತ್ತಾರೆ. ಹಾವು ಆಚಾರ್ಯರ ಪಾಲಿಗೆ ಸೇರಿದ್ದು, ಮರೆತು ಬಿಟ್ಟದ್ದಲ್ಲ. ವೈದ್ಯರ ಮಾತು ಒಪ್ಪದೆ ಚಿತ್ರಮಂದಿರದಿಂದ ಹೊರಬರುವ ಪ್ರೇಕ್ಷಕನೂ ಇರುತ್ತಾನೆಂದು ತಿಳಿದೇ ಅದನ್ನು ಬಿಟ್ಟಂತೆ ನನಗೆ ತೋರುತ್ತದೆ.