ರೇಡಿಯೇಟರಿನ ‘ತಂಪಿಸುವ ದಕ್ಷತೆ’ ಎಂದರೇನು?

ಎಂಜಿನ್ನಿನ ಸುತ್ತ ಹರಿದು ಬಿಸಿಯಾದ ನೀರನ್ನು ಗಾಳಿಯಿಂದ ತಣಿಸುವ ಕಾರಿನ ರೇಡಿಯೇಟರಿಗೆ ‘ದಕ್ಷತೆ’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಇಲ್ಲಿ ಅದು ಶೇಕಡಾವಾರು ಲೆಕ್ಕವಲ್ಲ. ಎಂಜಿನ್ ಒಂದೇ ವೇಗದಲ್ಲಿ, ಒಂದೇ ಹೊರೆಯಲ್ಲಿ ಸ್ವಲ್ಪ ಹೊತ್ತು ಓಡಿದ ಮೇಲೆ ನೀರಿಗೆ ಎಷ್ಟು ಶಾಖ ಸೇರುತ್ತದೆಯೋ ಅಷ್ಟನ್ನೂ ರೇಡಿಯೇಟರು, ಉತ್ತಮವಾಗಿರಲಿ ಕಳಪೆಯಾಗಿರಲಿ, ಗಾಳಿಗೆ ಬಿಟ್ಟೇ ಬಿಡುತ್ತದೆ. ಆ ಹೊತ್ತಿಗೆ ನೀರು ಎಷ್ಟು ಬಿಸಿಯಾಗಿರುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಉತ್ತಮವಾದುದು 75 ಡಿಗ್ರಿಯಲ್ಲಿ ಮುಗಿಸುವ ಕೆಲಸಕ್ಕೆ ಕಳಪೆಯಾದುದು 95 ಡಿಗ್ರಿ ಬೇಡಬಹುದು. ಇನ್ನೂ ಕಳಪೆಯಾದುದರಲ್ಲಿ ನೀರು ಕುದಿದು, ಮುಚ್ಚಳದ ಸಂದಿಯಿಂದ ಆವಿ ನುಗ್ಗತೊಡಗುತ್ತದೆ. ಆರಂಭಕಾಲದ ಕಾರುಗಳಲ್ಲಿ ಒತ್ತಡ ತಡೆದಿಡುವ ಮುಚ್ಚಳ ಇರಲಿಲ್ಲ. ಹಾಗಾಗಿ ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಬರುವ ಕುದಿ ಬೆಂಗಳೂರಿನಷ್ಟು ಎತ್ತರದ ಊರಿನಲ್ಲಿ ಸುಮಾರು 97 ಡಿಗ್ರಿಗೇ ಬರುತ್ತಿತ್ತು.

ಆದ್ದರಿಂದ ತಂಪಿಸುವ ದಕ್ಷತೆ ಎಂದರೆ, ರೇಡಿಯೇಟರಿಗೆ ಬರುವ ನೀರಿಗೂ ಎದುರಿನ ಗಾಳಿಗೂ ನಡುವಿನ ಪ್ರತಿ ಒಂದು ಡಿಗ್ರಿ ಅಂತರಕ್ಕೆ ಅದು ಹೊರಹಾಕುವ ಶಾಖದ ಪ್ರಮಾಣ. ಒಂದು ರೇಡಿಯೇಟರಿನಲ್ಲಿ ನಿಮಿಷಕ್ಕೆ 20 ಲೀಟರ್ ನೀರು 85 ಡಿಗ್ರಿಯಲ್ಲಿ ಒಳಹೋಗಿ 75 ಡಿಗ್ರಿಯಲ್ಲಿ ಹೊರಬಂದರೆ, ಅದು ಬಿಟ್ಟ ಶಾಖ ಸುಮಾರು 14 ಕಿಲೋವ್ಯಾಟ್. ಅಂದಿನ ಗಾಳಿ 25 ಡಿಗ್ರಿ ಇದ್ದರೆ ಅಂತರ 60. ಡಿಗ್ರಿಗೆ ಸುಮಾರು 233 ವ್ಯಾಟ್ ಆಯಿತು. ಇನ್ನೊಂದನ್ನು ಗಾಳಿ 35 ಡಿಗ್ರಿ ಇರುವ ದಿನ ಪರೀಕ್ಷಿಸಿದಾಗ, ಅಷ್ಟೇ ಬಿಸಿಯ ನೀರಿನಿಂದ 12 ಕಿಲೋವ್ಯಾಟ್ ಮಾತ್ರ ಹೊರಬಿತ್ತು ಎನ್ನೋಣ. ಮೇಲ್ನೋಟಕ್ಕೆ ಇದು ಸೋತಂತೆ ಕಂಡರೂ, ಅಂತರ 50 ಆದ್ದರಿಂದ ಡಿಗ್ರಿಗೆ 240 ವ್ಯಾಟ್ ಬರುತ್ತದೆ; ಗೆದ್ದದ್ದು ಇದೇ. ಗಾಳಿಯ ವೇಗ, ನೀರಿನ ಹರಿವು ಮತ್ತು ಮುಂಭಾಗದ ವಿಸ್ತೀರ್ಣಗಳು ಎರಡರಲ್ಲೂ ಸಮನಾಗಿದ್ದರೆ ಮಾತ್ರ ಈ ತೀರ್ಪು ನ್ಯಾಯವಾದುದು.

ರೇಡಿಯೇಟರ್ ಎಂಬ ಹೆಸರು ವಿಕಿರಣವನ್ನು ಸೂಚಿಸುತ್ತದೆಯಾದರೂ ಶಾಖದ ಬಹುಪಾಲನ್ನು ಒಯ್ಯುವುದು ತಾಗಿ ಹೋಗುವ ಗಾಳಿ. ಹೀಗಾಗಿ ಗಾಳಿಗೆ ಸೋಕುವ ಲೋಹದ ಮೈಯನ್ನು ಚಿಕ್ಕ ಜಾಗದಲ್ಲಿ ಹೆಚ್ಚಿಸಿದವರೇ ಗೆದ್ದರು. ಈ ದೃಷ್ಟಿಯಿಂದ, ಜರ್ಮನಿಯ ಎಂಜಿನಿಯರ್ ವಿಲ್ಹೆಲ್ಮ್ ಮೈಬಾಖ್ 1900ರಲ್ಲಿ ಮರ್ಸಿಡಿಸ್ 35 ಅಶ್ವಶಕ್ತಿಯ ಕಾರಿಗಾಗಿ ರೂಪಿಸಿದ ಜೇನುಗೂಡು ರೇಡಿಯೇಟರು ನಿಜಕ್ಕೂ ಬೆರಗಿನ ವಸ್ತು. ಅದರಲ್ಲಿ 6 ಮಿಲಿಮೀಟರ್ ಚೌಕದ 8,070 ಕಿರುಕೊಳವೆಗಳಿದ್ದವು. ಕೊಳವೆಯೊಳಗೆ ಗಾಳಿ, ಕೊಳವೆಗಳ ನಡುವಿನ ಸಂದಿಯಲ್ಲಿ ನೀರು. ಹೀಗೆ ನೀರು ತೆಳುವಾದ ಪದರವಾಗಿ ಹರಡಿಕೊಂಡಿದ್ದರಿಂದ ಇಡೀ ಎಂಜಿನ್ನಿಗೆ ಸುಮಾರು 9 ಲೀಟರ್ ಸಾಕಾಯಿತು.

ಪರೀಕ್ಷಕರು ಮರೆಯಬಾರದ ಇನ್ನೊಂದು ಸಂಗತಿಯಿದೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಮೊದಲ ಸುಮಾರು 2,500 ವಾಹನಗಳ ನಂತರ ನೀರಿನ ಪಂಪನ್ನೇ ಕೈಬಿಡಲಾಯಿತು. ಬಿಸಿನೀರು ಹಗುರವಾಗಿ ಮೇಲೇರಿ, ತಣಿದು ಕೆಳಗಿಳಿಯುವ ಸಹಜ ಚಲನೆಯೇ ಅಲ್ಲಿ ಪಂಪಿನ ಕೆಲಸ ಮಾಡುತ್ತಿತ್ತು. ಇಂಥ ರೇಡಿಯೇಟರನ್ನು ಕಳಚಿ, ಪ್ರಯೋಗಶಾಲೆಯ ಪಂಪಿಗೆ ಜೋಡಿಸಿ ಅಳೆದರೆ ಸಿಗುವ ಅಂಕಿ ರಸ್ತೆಯಲ್ಲಿ ದಕ್ಕುವುದಿಲ್ಲ. ಅದನ್ನು ಅದರ ಎಂಜಿನ್ನಿನೊಂದಿಗೇ ಅಳೆಯಬೇಕು.