ಹಲ್ಲಿದ್ದ ಹಕ್ಕಿಗಳೆಲ್ಲ ಒಂದೇ ಮನೆಯವಲ್ಲ

"ಸರ್, ಇದಕ್ಕೂ ಹಲ್ಲಿದೆ, ಅದಕ್ಕೂ ಹಲ್ಲಿದೆ. ಎರಡೂ ಒಂದೇ ಕುಟುಂಬ ಅಲ್ವಾ?" ಡೈನೋಸಾರ್ ಕಾಲದ ಹಕ್ಕಿಗಳ ಪಾಠ ಬಂದಾಗಲೆಲ್ಲ ಹಾಸನದ ನನ್ನ ತರಗತಿಯಲ್ಲಿ ಈ ಪ್ರಶ್ನೆ ತಪ್ಪಿದ್ದಿಲ್ಲ. ಅಲ್ಲ ಕಣ್ರಪ್ಪಾ, ಅಲ್ಲ.

ಹಲ್ಲು ಆ ಹಕ್ಕಿಗಳ ಹಿಂದಿನವರಿಗೂ ಇತ್ತು. ನಿಮಗೂ ಐದು ಬೆರಳು, ಪಕ್ಕದ ಮನೆಯವರಿಗೂ ಐದು ಬೆರಳು, ಅಷ್ಟಕ್ಕೇ ಅಣ್ಣತಮ್ಮ ಅನ್ನೋಕಾಗುತ್ತಾ? ಅಜ್ಜನಿಗೆ ಆರನೇ ಬೆರಳಿದ್ದು, ಮಗನಿಗೂ ಮೊಮ್ಮಗಳಿಗೂ ಅದೇ ಬಂದಿದ್ದರೆ ಆಗ ಒಂದು ಸುಳಿವು ಸಿಕ್ಕಿತು. ಹೊಸದಾಗಿ ಹುಟ್ಟಿ ಕೆಲವರಲ್ಲಿ ಮಾತ್ರ ಮುಂದುವರಿದ ಗುರುತು ಬೇಕು. ಎಲ್ಲರಲ್ಲೂ ಉಳಿದುಕೊಂಡ ಹಳೆಯದು ನೆಂಟಸ್ತಿಕೆಗೆ ಸಾಕ್ಷಿ ಆಗುವುದಿಲ್ಲ. ಆ ಹೊಸ ಗುರುತೂ ಒಂದೇ ಇದ್ದರೆ ಸಾಲದು, ಸಂಬಂಧವೇ ಇಲ್ಲದ ಮನೆಯಲ್ಲೂ ಆರನೇ ಬೆರಳು ಹುಟ್ಟಬಹುದು.

ಆ ಕಾಲದ ಹಕ್ಕಿಗಳ ಏವಿಸಾರಿಡೇ ಕುಟುಂಬವನ್ನೇ ನೋಡಿ. ಅಮೆರಿಕದ ಮೊಂಟಾನಾದಲ್ಲಿ ಸಿಕ್ಕ ಒಂದು ಪಾದದ ಮೂಳೆಗೆ 1985ರಲ್ಲಿ ವಿಜ್ಞಾನಿಗಳಾದ ಬ್ರೆಟ್-ಸರ್ಮನ್ ಮತ್ತು ಪಾಲ್ ಏವಿಸಾರಸ್ ಅಂತ ಹೆಸರಿಟ್ಟರು. ಹಕ್ಕಿ ಅಂತಲ್ಲ, ಡೈನೋಸಾರ್ ಅಂತ! ಯಾಕೆ ಹಾಗಂದುಕೊಂಡರು ಅಂತ ತಿಳಿಯಬೇಕಾದರೆ ಒಂದು ಕೋಳಿ ಕಾಲು ಬೇಯಿಸಿ ಚರ್ಮ ಸುಲಿದು ನೋಡಿ. ಬೆರಳುಗಳ ಮೇಲಿನ ಮೂಳೆ ಒಂದೇ ಕಡ್ಡಿಯ ಹಾಗಿದ್ದು, ಕೆಳತುದಿಯಲ್ಲಿ ಮೂರು ಗಂಟು ಕಾಣುತ್ತವೆ. ಮೂರು ಮೂಳೆ ಬೆಸೆದು ಒಂದಾಗಿದೆ. ಏವಿಸಾರಸ್‌ನಲ್ಲಿ ಬೆಸೆದಿದ್ದು ಮೇಲ್ತುದಿ ಮಾತ್ರ, ಕೆಳಗೆ ಮೂರೂ ಬಿಡಿಬಿಡಿ. ಅದಕ್ಕೇ ಡೈನೋಸಾರ್ ಅಂದುಕೊಂಡರು.

1992ರಲ್ಲಿ ಕಿಯಾಪೆ ಇದು ಹಕ್ಕಿಯೇ ಅಂತ ತೋರಿಸಿದರು. 1981ರಲ್ಲಿ ವಾಕರ್ ಅರ್ಜೆಂಟೀನಾದ ಮೂಳೆಗಳನ್ನು ನೋಡಿ ಗುರುತಿಸಿದ ಎನಾಂಟಿಯಾರ್ನಿತೀಸ್ ಅನ್ನೋ ಹಳೆಯ ಹಕ್ಕಿಗಳ ಗುಂಪಿನದು. ಏವಿಸಾರಸ್‌ನ ಹಾಗೆಯೇ ಅದೇ ಅರ್ಜೆಂಟೀನಾದ ಸೊರೊಏವಿಸಾರಸ್ ಅನ್ನೋ ಹಕ್ಕಿಯಲ್ಲೂ ಪಾದದ ನಡುವಿನ ಮೂಳೆ ಮುಂದಕ್ಕೆ ಉಬ್ಬಿದೆ. ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದು ಇಂಥ ಗುರುತಿನಿಂದ, ಹಲ್ಲಿನಿಂದ ಅಲ್ಲ. ನಾಳೆ ಇನ್ನೊಂದು ಮೂಳೆ ಸಿಕ್ಕರೆ ಈ ಕುಟುಂಬದ ಪಟ್ಟಿ ಬದಲಾಗಲೂಬಹುದು. ಅಂದಹಾಗೆ ಇವು ನಮ್ಮ ಕೋಳಿಯ ಅಜ್ಜಂದಿರಲ್ಲ, ದಾಯಾದಿಗಳು. 6.6 ಕೋಟಿ ವರ್ಷದ ಹಿಂದೆ ಇಡೀ ಗುಂಪೇ ಅಳಿದುಹೋಯಿತು.

ಹೋದ ತಿಂಗಳು ಅರಕಲಗೂಡು ಕಡೆಯ ಒಬ್ಬ ಹುಡುಗಿ ಸತ್ತ ನಾಟಿಕೋಳಿ ಮರಿಯ ಕಾಲು ತಂದಳು. "ಸರ್, ಇದರಲ್ಲೂ ಮೂಳೆ ಬಿಡಿಬಿಡಿ ಇದೆಯಲ್ಲ?" ಎಷ್ಟು ಖುಷಿಯಾಯಿತು! ಮರಿಯಲ್ಲಿ ಇನ್ನೂ ಪೂರ್ತಿ ಬೆಸೆದಿರುವುದಿಲ್ಲ. ಅದಕ್ಕೇ ಮೂಳೆ ಕೈಗೆ ಬಂದರೆ ಮರಿಯದೋ ಬಲಿತದ್ದರದೋ ಅಂತ ಮೊದಲು ನೋಡಬೇಕು. ದೊಡ್ಡ ಕೋಳಿಯ ಮೂಳೆ ಪಕ್ಕ ಅದನ್ನಿಟ್ಟೆವು. ಹಿಂದಿನ ಬೆಂಚಿನವರೂ ಎದ್ದು ಬಂದರು. ಆ ದಿನ ಹಲ್ಲಿನ ಪ್ರಶ್ನೆ ಯಾರೂ ಕೇಳಲಿಲ್ಲ.