ಮುಂಬೈ ಪ್ಲೇಗಿನ ಗಣಿತ: ಸಾವಿನ ಲೆಕ್ಕದಿಂದ ಇಲಿ, ಚಿಗಟದ ಲೆಕ್ಕಕ್ಕೆ

ಸಾಂಕ್ರಾಮಿಕ ರೋಗಗಳ ಗಣಿತಕ್ಕೆ ತಳಪಾಯ ಹಾಕಿದ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅವರ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದದ್ದು 1927ರಲ್ಲಿ. ಅದರಲ್ಲಿ ಸಮೀಕರಣವನ್ನು ತಾಳೆ ನೋಡಲು ಬಳಸಿದ್ದು ಮುಂಬೈಯಲ್ಲಿ 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಪ್ಲೇಗಿನಿಂದ ವಾರವಾರವೂ ಸತ್ತವರ ಲೆಕ್ಕವನ್ನು.

ಮುಂಬೈಯ ಮಾಂಡ್ವಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಎರಡೇ ವರ್ಷಗಳಲ್ಲಿ ಬೆಂಗಳೂರನ್ನೂ ಮುಟ್ಟಿತು. ಇಲಿಯಿಂದ ಇಲಿಗೆ ರೋಗವನ್ನು ದಾಟಿಸುವುದು ಚಿಗಟವೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿ, ಮನುಷ್ಯನಿಗೂ ಅದು ದಾಟುವುದು ಚಿಗಟದಿಂದಲೇ ಎಂದು ವಾದಿಸಿದ್ದೂ 1898ರಲ್ಲೇ. ನಮ್ಮ ಹಳ್ಳಿಗಳಲ್ಲಿ ಇಲಿ ಸತ್ತು ಬಿದ್ದಿತೆಂದರೆ ಜನ ಮನೆಗಳಿಗೆ ಬೀಗ ಹಾಕಿ, ಊರ ಹೊರಗೆ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಸತ್ತ ಇಲಿಗಳನ್ನು ಬಿಟ್ಟುಬಂದ ಹಸಿದ ಚಿಗಟಗಳಿಂದ ದೂರವಾಗುವ ಈ ಉಪಾಯ ತಕ್ಕದ್ದೇ ಆಗಿತ್ತು.

ಮೆಕೆಂಡ್ರಿಕ್ ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದು ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ದುಡಿದ ವೈದ್ಯ. ಕೆರ್ಮ್ಯಾಕ್ ಪ್ರಯೋಗಾಲಯದ ಅವಘಡದಲ್ಲಿ ದೃಷ್ಟಿ ಕಳೆದುಕೊಂಡಿದ್ದ ರಸಾಯನಶಾಸ್ತ್ರಜ್ಞ. ಸೋಂಕು ತಗುಲಬಹುದಾದವರು, ಸೋಂಕಿತರು, ಗುಣವಾದವರು ಅಥವಾ ಸತ್ತವರು ಎಂದು ಮೂರು ಗುಂಪು ಮಾಡಿ, ಒಂದರಿಂದ ಇನ್ನೊಂದಕ್ಕೆ ಸಾಗುವ ವೇಗವನ್ನು ಅವರು ಸಮೀಕರಣಗಳಲ್ಲಿ ಹಿಡಿದಿಟ್ಟರು. ಮುಂಬೈಯ ಲೆಕ್ಕಕ್ಕೆ ಅವರು ಹೊಂದಿಸಿದ ಗಂಟೆಯಾಕಾರದ ರೇಖೆ 17ನೇ ವಾರದಲ್ಲಿ ವಾರಕ್ಕೆ 890 ಸಾವುಗಳ ತುದಿ ಮುಟ್ಟಿ ಇಳಿಯುತ್ತದೆ. ನಿಜವಾದ ಅಂಕಿಗಳು ಅದರ ಪಕ್ಕದಲ್ಲೇ ಸಾಲಾಗಿ ನಿಲ್ಲುತ್ತವೆ. ಸೋಂಕು ತಗುಲಬಹುದಾದವರ ಸಾಂದ್ರತೆ ಒಂದು ಮಿತಿಗಿಂತ ಕೆಳಗಿದ್ದರೆ ರೋಗ ಹಬ್ಬಲಾರದು ಎಂಬ, ನಿಯಂತ್ರಣದ ದೃಷ್ಟಿಯಿಂದ ಬಹು ಮುಖ್ಯವಾದ ಫಲಿತಾಂಶವೂ ಅದೇ ಪ್ರಬಂಧದ್ದು.

ಆದರೆ ರೇಖೆ ಹೊಂದಿತೆಂದ ಮಾತ್ರಕ್ಕೆ ಕಾರಣ ಸಿಕ್ಕಿತೆಂದು ಅರ್ಥವಲ್ಲ. ಮನುಷ್ಯರಲ್ಲಿ ಕಾಣುವ ಪ್ಲೇಗು ಇಲಿಗಳಲ್ಲಿರುವ ರೋಗದ ಪ್ರತಿಬಿಂಬವಷ್ಟೇ ಎಂದೂ, ಚಿಗಟಗಳು ಹೇರಳವಾಗಿವೆ, ಎಲ್ಲ ಇಲಿಗಳಿಗೂ ಸೋಂಕಿನ ಅಪಾಯ ಸಮಾನ ಎಂಬಂಥ ತಮ್ಮ ಊಹೆಗಳಲ್ಲಿ ಯಾವುದೂ ಪೂರ್ತಿ ನಿಜವಲ್ಲವೆಂದೂ ಲೇಖಕರೇ ಸ್ಪಷ್ಟವಾಗಿ ಬರೆದಿದ್ದರು. ಈ ಪ್ರಾಮಾಣಿಕ ಮಾತನ್ನು ಮುಂದಿನ ಪಠ್ಯಪುಸ್ತಕಗಳು ಹೆಚ್ಚಾಗಿ ಕೈಬಿಟ್ಟು ರೇಖೆಯನ್ನಷ್ಟೇ ಉಳಿಸಿಕೊಂಡದ್ದು ವಿಷಾದದ ಸಂಗತಿ. ಮುಂಬೈಯಲ್ಲಿ ಪ್ಲೇಗು ವರ್ಷವರ್ಷವೂ ಅದೇ ಋತುವಿನಲ್ಲಿ ಏರಿ, ಬೇಸಿಗೆ ಬಲಿತಂತೆ ಇಳಿಯುತ್ತಿತ್ತು. ಋತುಮಾನವನ್ನು ಲೆಕ್ಕಕ್ಕೆ ತಾರದ ಗಣಿತದ ಮಾದರಿ ಇದನ್ನು ವಿವರಿಸಲಾರದೆಂದು ಫ್ರಾನ್ಸಿನ ಗಣಿತಜ್ಞ ನಿಕೊಲಾ ಬಕಾಯೆರ್ 2012ರಲ್ಲಿ ತೋರಿಸಿದರು.

ಅದಕ್ಕೂ ಮೊದಲು, 2000ದಲ್ಲಿ, ಬ್ರಿಟನ್ನಿನ ಸಂಶೋಧಕರಾದ ಕೀಲಿಂಗ್ ಮತ್ತು ಗಿಲಿಗನ್ ಇಲಿ, ಚಿಗಟ, ಮನುಷ್ಯ ಮೂರನ್ನೂ ಸೇರಿಸಿ ಮಾದರಿ ಕಟ್ಟಿದ್ದರು. ಇಲಿ ಸತ್ತಾಗ ಅದರ ಮೈಮೇಲಿನ ಚಿಗಟಗಳು ಬೇರೆ ಆಶ್ರಯ ಹುಡುಕುತ್ತವೆ; ಹತ್ತಿರದಲ್ಲಿ ಇಲಿಗಳು ಸಾಕಷ್ಟಿದ್ದರೆ ಅವುಗಳಿಗೆ ಹತ್ತುತ್ತವೆ, ಇಲ್ಲದಿದ್ದರೆ ಮನುಷ್ಯನಿಗೆ. ಆದ್ದರಿಂದ ರೋಗ ಹಬ್ಬಿರುವಾಗಲೇ ಇಲಿಗಳನ್ನು ಕೊಲ್ಲಹೊರಟರೆ ಮನುಷ್ಯರಲ್ಲಿ ಸೋಂಕು ಇಳಿಯುವ ಬದಲು ಏರಬಹುದು. ಪ್ಲೇಗು ಕಂಡ ಕಡೆ ಮೊದಲು ಕೀಟನಾಶಕದಿಂದ ಚಿಗಟ, ಆಮೇಲೆ ಇಲಿ ಎಂಬ ಆರೋಗ್ಯ ಇಲಾಖೆಗಳ ಕ್ರಮದ ಹಿಂದಿರುವುದು ಇದೇ ತರ್ಕ.